ಮುದಕವ್ವನ ಕಪಾಟಿನ ಕಾಲು

ಪಾಳಾ ಊರಿನ ನಿರ್ಮಲಾ ಅಲ್ಲಿನ ಅಂಗನವಾಡಿಯಲ್ಲಿ ಸಹಾಯಕಿಯಾಗಿ ಸೇರಿ ಹದಿನಾಲ್ಕು ವರ್ಷವಾಗಿತ್ತು. ಮಕ್ಕಳಿಗೆ ಉಪ್ಪಿಟ್ಟು ಮಾಡಿ ಬಡಿಸುವುದು, ಮೂಗು ಒರೆಸುವುದು, ಅತ್ತವರನ್ನು ಸೊಂಟಕ್ಕೇರಿಸಿಕೊಂಡು ಸುಮ್ಮನಾಗಿಸುವುದು, ಎಲ್ಲರೂ ಹೋದ ಮೇಲೆ ಕೋಣೆ ಗುಡಿಸಿ ಬೀಗ ಹಾಕುವುದು. ಮೂವತ್ತೊಂಬತ್ತನೆಯ ವಯಸ್ಸಿನಲ್ಲಿ ಅವಳು ಹಟಕ್ಕೆ ಬಿದ್ದು ಖಾಸಗಿಯಾಗಿ ಪರೀಕ್ಷೆ ಕಟ್ಟಿ ಪಿಯುಸಿ ಪಾಸು ಮಾಡಿದ್ದಳು. ಆಗ ಅತ್ತೆ ಮುದಕವ್ವ, ಪುಸ್ತಕ ಹಿಡಿದು ಕುಳಿತ ಸೊಸೆಯನ್ನು ನೋಡಿದಾಗಲೆಲ್ಲ, "ಈ ವಯಸ್ಸಿನಾಗ ಓದಿ ಏನ ಕಲೆಕ್ಟರ ಆಗಾಕಿಯೇನ?" ಎಂದು ಕೇಳುತ್ತಿದ್ದಳು. ನಿರ್ಮಲಾ ಹಾಳೆ ಮಗುಚುತ್ತಿದ್ದಳು.

ಆ ಪಾಸಿಗೆ ಬೆಲೆ ಬಂದದ್ದು ಐದು ವರ್ಷ ತಡವಾಗಿ. ಆಷಾಢದ ಒಂದು ಗುರುವಾರ ಸಂಜೆ ಅವಳ ಫೋನಿಗೆ ಸಂದೇಶ ಬಂತು. ಅಂಗನವಾಡಿ ಕಾರ್ಯಕರ್ತೆಯ ಹುದ್ದೆಯ ಪಟ್ಟಿಯಲ್ಲಿ ನಿಮ್ಮ ಹೆಸರಿದೆ, ಸೋಮವಾರ ಹತ್ತೂವರೆಗೆ ಮುಂಡಗೋಡದ ಕಚೇರಿಗೆ ಮೂಲ ದಾಖಲೆಗಳೊಂದಿಗೆ ಬರಬೇಕು, ಬರದಿದ್ದರೆ ಮುಂದಿನವರನ್ನು ಕರೆಯಲಾಗುವುದು. ನಿರ್ಮಲಾ ಅದನ್ನು ನಾಲ್ಕು ಸಲ ಓದಿದಳು. ಗಂಡ ಅಂದಾನೆಪ್ಪನಿಗೆ ಓದಿ ಹೇಳಿದಳು. ಅವನು ಹೊಲದಿಂದ ಬಂದು ಕಾಲು ತೊಳೆಯುತ್ತಿದ್ದವನು ಚೊಂಬು ಹಿಡಿದೇ ನಿಂತು, "ಮತ್ತೊಮ್ಮೆ ಓದು" ಎಂದ.

ಶುಕ್ರವಾರ ಬೆಳಿಗ್ಗೆ ಅವಳು ಅತ್ತೆಯ ಸೊಂಟದಿಂದ ಕೀಲಿ ಕೇಳಿ ಪಡೆದು ಒಳಕೋಣೆಯ ಕಪಾಟಿನ ಮುಂದೆ ನಿಂತಳು. ಮನೆಯ ಕಾಗದಪತ್ರಗಳೆಲ್ಲ, ಅವಳ ಪಿಯುಸಿ ಅಂಕಪಟ್ಟಿಯೂ, ಇದ್ದದ್ದು ಅದರಲ್ಲೇ. ಎರಡು ಬಾಗಿಲಿನ ಸಾಗವಾನಿ ಕಪಾಟು. ಮುದಕವ್ವ ತನ್ನ ತವರು ಅತ್ತಿವೇರಿಯಿಂದ ಮದುಮಗಳಾಗಿ ಬಂದಾಗ ಅವಳ ಹಿಂದೆಯೇ ಎತ್ತಿನ ಚಕ್ಕಡಿಯಲ್ಲಿ ಬಂದಿತ್ತು. ಹಬ್ಬಹರಿದಿನ ಬಿಟ್ಟರೆ ಅದನ್ನು ತೆಗೆಯುವ ರೂಢಿ ಇರಲಿಲ್ಲ. ಕೀಲಿ ಅರ್ಧ ತಿರುಗಿ ನಿಂತುಬಿಟ್ಟಿತು. ನಿರ್ಮಲಾ ಬಾಗಿಲನ್ನು ಒತ್ತಿ ತಿರುವಿದಳು, ಎಳೆದು ತಿರುವಿದಳು. ಕೀಲಿಯ ರಂಧ್ರಕ್ಕೆ ಕೊಬ್ಬರಿ ಎಣ್ಣೆ ಬಿಟ್ಟಳು. ಕೊನೆಗೆ ಹಿತ್ತಾಳೆಯ ಹಿಡಿಕೆಯನ್ನು ಎರಡೂ ಕೈಯಿಂದ ಹಿಡಿದು ಜಗ್ಗಿದಾಗ ಹಿಡಿಕೆಯೇ ಕಿತ್ತು ಕೈಗೆ ಬಂತು. ಬಾಗಿಲು ಮಾತ್ರ ಗೋಡೆಯಂತೆ ನಿಂತಿತ್ತು.

ಅಂದಾನೆಪ್ಪ ಬಂದು ನೋಡಿದ. ಅವನೂ ಜಗ್ಗಿದ. ಆಮೇಲೆ ಹಿತ್ತಲಿಗೆ ಹೋಗಿ ಕೊಡಲಿ ತಂದ.

"ಎರಡ ಏಟ. ಬಾಗಿಲಾ ಹ್ವಾದ್ರ ಹೋಗಲಿ, ಆಮ್ಯಾಲ ಮಾಡಿಸಿದ್ರಾತು" ಎಂದ.

ಮುದಕವ್ವ ಗೋಡೆ ಹಿಡಿದುಕೊಂಡು ನಿಧಾನವಾಗಿ ನಡೆದು ಬಂದಳು, ಕಪಾಟಿಗೆ ಬೆನ್ನು ಕೊಟ್ಟು ನೆಲದ ಮೇಲೆ ಕುಳಿತಳು, ಕಾಲು ಚಾಚಿದಳು.

"ಹೊಡಿ" ಎಂದಳು. "ಮೊದಲ ನನ್ನ ಹೊಡಿ, ಆಮ್ಯಾಲ ಕಪಾಟ ಹೊಡಿ. ನಮ್ಮಪ್ಪ ಮೂರ ತಿಂಗಳ ಬಡಗ್ಯಾನ್ನ ಮನ್ಯಾಗ ಇಟಗೊಂಡು ಮಾಡಿಸಿದ್ದ."

"ಯವ್ವಾ, ಆಕಿ ನೌಕರಿ ಪ್ರಶ್ನೆ ಐತಿ!"

"ಇರ್ಲಿ. ಬೀಗಾ ತಗ್ಯಾಕ ಬರ್ಲಿಲ್ಲಂದ್ರ ಮನಿ ಸುಡತೀಯೇನ?"

ನಿರ್ಮಲಾಳಿಗೆ ಸಿಟ್ಟು ನೆತ್ತಿಗೇರಿತು. ಇಪ್ಪತ್ತೆರಡು ವರ್ಷ ಈ ಮನೆಯಲ್ಲಿ ಬಾಳಿದವಳು ಅವಳು. ಅತ್ತೆಗೆ ತನ್ನ ಪರೀಕ್ಷೆ ಬೇಡವಾಗಿತ್ತು, ಈಗ ತನ್ನ ಹುದ್ದೆಯೂ ಬೇಡವಾಗಿದೆ ಎಂದೇ ಅವಳಿಗನ್ನಿಸಿತು. ಆದರೂ ಎಪ್ಪತ್ತೈದರ ಮುದುಕಿಯನ್ನು ಎಳೆದು ಬದಿಗೆ ಕೂರಿಸುವ ಮನಸ್ಸು ಬರಲಿಲ್ಲ. ಹೊಸ ಅಂಕಪಟ್ಟಿಗೆ ಅರ್ಜಿ ಹಾಕಿದರೆ ಬರಲು ತಿಂಗಳುಗಳೇ ಬೇಕು. ಅವಳು ಅಡುಗೆಮನೆಗೆ ಹೋಗಿ, ಸುಮ್ಮನೆ ಒಲೆಯ ಮುಂದೆ ನಿಂತು, ಮತ್ತೆ ಹೊರಗೆ ಬಂದು ಫೋನು ತೆಗೆದಳು. ಊರಿಗೆ ಇದ್ದವನು ಒಬ್ಬನೇ ಬಡಗಿ, ಪರಶುರಾಮ. ಮಳೆಗಾಲಕ್ಕೆ ಮೊದಲೇ ಅನಮೋಡ ಘಾಟು ಇಳಿದು ಗೋವಾಕ್ಕೆ ಹೋಗಿದ್ದ, ದೊಡ್ಡ ಕಟ್ಟಡವೊಂದಕ್ಕೆ ಬಾಗಿಲು ಕೂರಿಸುವ ಕೆಲಸಕ್ಕೆ. ನಾಗರಪಂಚಮಿಗೇ ಅವನು ಮರಳಿ ಬರುವುದು.

ಮೂರನೆಯ ಸಲಕ್ಕೆ ಪರಶುರಾಮ ಎತ್ತಿದ. ಹಿಂದೆ ಮರ ಕೊಯ್ಯುವ ಯಂತ್ರದ ಸದ್ದು.

"ಏನ್ರಿ ಅಕ್ಕಾರ?"

ನಿರ್ಮಲಾ ಒಂದೇ ಉಸಿರಿಗೆ ಎಲ್ಲ ಹೇಳಿದಳು. ಅವನು ಸದ್ದಿಲ್ಲದ ಕಡೆಗೆ ಸರಿದು, "ಕೊಡ್ಲಿ ತಗದ ಇಡ್ರಿ ಮೊದಲ" ಎಂದ. "ವಿಡಿಯೋ ಹಚ್ರಿ. ನಾ ನೋಡತೇನಿ."

ಒಳಕೋಣೆಯಲ್ಲಿ ನೆಟ್‌ವರ್ಕ್ ಕಿಟಕಿಯ ಸರಳಿನ ಹತ್ತಿರ ಮಾತ್ರ. ಅಂದಾನೆಪ್ಪ ಫೋನನ್ನು ಸರಳಿಗೆ ಆನಿಸಿ ಹಿಡಿದ. ಚಿತ್ರ ನಿಂತು ನಿಂತು ಹೋಗುತ್ತಿತ್ತು. ಮುದಕವ್ವ ಕುಳಿತಲ್ಲಿಂದ ಏಳದೆ ಅದರೊಳಗಿನ ಮುಖವನ್ನು ಅನುಮಾನದಿಂದ ನೋಡಿದಳು.

"ಅಕ್ಕಾರ, ಎರಡೂ ಬಾಗಿಲಾ ಕೂಡೂ ಸಂದಿ ಮ್ಯಾಲಿಂದ ಕೆಳಗಿನ ತನಕಾ ಒಂದ ಸಮಾ ಐತೇನ್ ನೋಡ್ರಿ."

ನಿರ್ಮಲಾ ಅತ್ತೆಯ ಬೆನ್ನಿನ ಪಕ್ಕಕ್ಕೆ ಬಗ್ಗಿ ನೋಡಿದಳು. ಮೇಲೆ ಬೆರಳು ತೂರುವಷ್ಟು ಸಂದು. ಕೆಳಗೆ ಕೂದಲೂ ಹೋಗದಂತೆ ಬಿಗಿ. ಇಷ್ಟು ಹೊತ್ತು ಜಗ್ಗಾಡಿದರೂ ಇದು ಕಣ್ಣಿಗೆ ಬಿದ್ದಿರಲಿಲ್ಲ.

"ಹಂಗಂದ್ರ ಕೀಲಿದೇನ ತಪ್ಪಿಲ್ಲ, ಬಾಗಿಲಾಂದೂ ತಪ್ಪಿಲ್ಲ" ಎಂದ ಪರಶುರಾಮ. "ಕಪಾಟ ಒಂದ ಕಡೆ ಕುಂತೈತಿ. ಎಲ್ಲೋ ಕಾಲ ಹೋಗೈತಿ. ಗ್ವಾಡಿ ಬಿಡಿಸಿ ಹಿಂದ ನೋಡ್ರಿ. ಜಗ್ಗಬ್ಯಾಡ್ರಿ, ಸಾವಕಾಶ ಸರಸ್ರಿ."

ತನ್ನ ಕಪಾಟು ಒಡೆಯುವ ಮಾತಲ್ಲ ಎಂದು ಖಾತ್ರಿಯಾದ ಮೇಲೆ ಮುದಕವ್ವ ಎದ್ದಳು. ಫೋನನ್ನು ಸರಳಿಗೇ ಸಿಕ್ಕಿಸಿ ಗಂಡ ಹೆಂಡತಿ ಇಬ್ಬರೂ ಒಂದೊಂದು ಬದಿ ಹಿಡಿದು ಕಪಾಟನ್ನು ಗೋಡೆಯಿಂದ ಒಂದು ಮೊಳ ಸರಿಸಿದರು. ಸರಿಸುವಾಗ ಏನೋ ಪುಡಿಯಾಗಿ ಉದುರಿದ ಸದ್ದಾಯಿತು. ನಿರ್ಮಲಾ ಸಂದಿನಲ್ಲಿ ಮುಖ ತೂರಿಸಿ ನೋಡಿದಳು.

ಗೋಡೆಯ ಬುಡದಿಂದ ಕೆಮ್ಮಣ್ಣಿನ ಗೆರೆಗಳು ಎದ್ದು, ಕವಲೊಡೆದು, ಕಪಾಟಿನ ಹಿಂಬದಿಯ ಹಲಗೆಗೆ ಹತ್ತಿದ್ದವು. ಗೆದ್ದಲು. ಹಿಂದಿನ ಎಡಗಾಲು ಹೊರಗಿನಿಂದ ಕಾಲಿನಂತೆಯೇ ಕಾಣುತ್ತಿತ್ತು. ಅಂದಾನೆಪ್ಪ ಬೆರಳಿನಿಂದ ಒತ್ತಿದಾಗ ಬೆರಳು ಒಳಗೆ ಹೋಯಿತು. ಕೆಳಗಿನ ಹಲಗೆಯಲ್ಲಿ ಅಂಗೈ ಅಗಲದ ತೂತು. ಅದರ ತುಂಬ ಮಣ್ಣು.

"ಗೊರಲಿ ಹತ್ತೇತೋ ಪರಸ್ಯಾ" ಎಂದ ಅಂದಾನೆಪ್ಪ, ಫೋನಿನ ಕಡೆ ತಿರುಗಿ.

ನಿರ್ಮಲಾ ಅಲ್ಲೇ ಕುಸಿದು ಕುಳಿತಳು. ಅವಳ ಅಂಕಪಟ್ಟಿ ಇದ್ದದ್ದು ಕೆಳಗಿನ ಖಾನೆಯಲ್ಲಿ, ಹಿಂದಿನ ಹಲಗೆಗೆ ತಾಗಿಯೇ. ಯಾರ ಕೈಗೂ ಸಿಗದಿರಲಿ, ಯಾರ ಕಣ್ಣಿಗೂ ಬೀಳದಿರಲಿ ಎಂದು ಅವಳೇ ಸೀರೆಗಳ ಹಿಂದೆ ಒತ್ತಿಟ್ಟಿದ್ದಳು. ಈಗ ಆ ತೂತು ಸರಿಯಾಗಿ ಅಲ್ಲಿಗೇ ಹೊರಟಿತ್ತು. ದಿನಾ ಅಂಗನವಾಡಿಯಿಂದ ಬಂದು, ಪಾತ್ರೆ ತೊಳೆದು, ರೊಟ್ಟಿ ಬಡಿದು, ಆಮೇಲೆ ಓದಿದ್ದು ನೆನಪಾಯಿತು. ಇತಿಹಾಸದ ಇಸವಿಗಳನ್ನು ರೊಟ್ಟಿ ತಟ್ಟುತ್ತ ಬಾಯಿಪಾಠ ಮಾಡಿದ್ದು. ಕಣ್ಣಲ್ಲಿ ನೀರು ತಾನಾಗಿ ಇಳಿಯಿತು.

"ಯಾಕ ಅಳತೀ?" ಎಂದಳು ಮುದಕವ್ವ.

"ನನ್ನ ಮಾರ್ಕ್ಸ್ ಕಾರ್ಡ್ ಅಲ್ಲೇ ಐತ್ರಿ ಅತ್ತಿ. ಕೆಳಗ. ಗೊರಲಿ ತಿಂದಿರತೈತಿ."

ಮುದಕವ್ವ ತೂತಿನ ಕಡೆ ಬಗ್ಗಿ ನೋಡಿದಳು. ಆಮೇಲೆ, ಕೇಳಿಸಿದರೂ ಸರಿ ಕೇಳಿಸದಿದ್ದರೂ ಸರಿ ಎನ್ನುವಂತೆ, "ಕಾರಹುಣ್ಣಿವಿ ಮುಂದ ನಾ ಒಂದ ಚೀಲಾ ಮ್ಯಾಲಿನ ಖಾನೇಕ ಇಟ್ಟೇನಿ" ಎಂದಳು. "ಕೆಳಗ ಥಂಡಿ ಹಿಡದಂಗಿತ್ತು."

ನಿರ್ಮಲಾ ಕಣ್ಣೊರೆಸಿಕೊಂಡು ಎದ್ದಳು. "ಯಾವ ಚೀಲಾರಿ? ಅಲ್ಲಿ ನಾಕ ಪ್ಲಾಸ್ಟಿಕ್ ಚೀಲಾ ಅದಾವು."

"ನನಗೇನ ಓದಾಕ ಬರ್ತೈತೇನ? ನಿನ್ನ ಫೋಟೊ ಇದ್ದದ್ದು."

ನಿರ್ಮಲಾಳ ಆಸೆ ಎದ್ದಷ್ಟೇ ಬೇಗ ಕುಗ್ಗಿತು. ಅವಳ ಫೋಟೊ ಹಲವು ಕಡೆ ಇತ್ತು. ಬ್ಯಾಂಕಿನ ಪುಸ್ತಕದಲ್ಲಿತ್ತು, ಪರೀಕ್ಷೆಯ ಹಾಲ್ ಟಿಕೆಟ್ಟಿನಲ್ಲಿತ್ತು, ಹೊಲಿಗೆ ತರಬೇತಿಗೆ ಹೋದಾಗಿನ ಗುರುತುಚೀಟಿಯಲ್ಲಿತ್ತು. ನಾಲ್ಕು ಚೀಲಗಳಲ್ಲಿ ಮೂರರಲ್ಲಿ ಅವಳ ಮುಖವಿತ್ತು. ಅತ್ತೆ ಎತ್ತಿಟ್ಟದ್ದು ಯಾವುದೋ ಯಾರು ಬಲ್ಲರು.

ಫೋನಿನಿಂದ ಪರಶುರಾಮನ ದನಿ ಬಂತು. "ಅಕ್ಕಾರ, ಅಳೂದ ಆಮ್ಯಾಲ. ಕಾಲ ಎತ್ತಿದ್ರ ಬಾಗಿಲಾ ತಾನ ಬಿಡತೈತಿ. ಹಾರಿ ಐತೇನ ಮನ್ಯಾಗ?"

ಹೊಲದಲ್ಲಿ ಗುಂಡಿ ತೋಡುವ ಕಬ್ಬಿಣದ ಹಾರೆ ಇತ್ತು. ಪರಶುರಾಮ ಹೇಳಿದಂತೆ ಅಂದಾನೆಪ್ಪ ಒಂದು ಕಲ್ಲಿನ ಮೇಲೆ ಹಾರೆ ಆನಿಸಿ, ತುದಿಯನ್ನು ಕಪಾಟಿನ ಅಡಿಪಟ್ಟಿಯ ಕೆಳಗೆ ಕೊಟ್ಟ. ಹುಳು ತಿನ್ನದ, ಗಟ್ಟಿ ಇದ್ದ ಜಾಗ ನೋಡಿ. ನಿರ್ಮಲಾ ಮರದ ತುಣುಕುಗಳನ್ನು ಹಿಡಿದು ನೆಲದ ಮೇಲೆ ಮಲಗಿದಂತೆ ಬಗ್ಗಿದಳು. ಮುದಕವ್ವ ಮುಂದೆ ನಿಂತು ಕೀಲಿ ಹಿಡಿದಳು.

"ಒಂದ ಕೂದಲೆಳಿ ಎತ್ರಿ, ನಿಲ್ರಿ. ಮತ್ತೊಂದ ಎಳಿ ಎತ್ರಿ" ಎಂದ ಪರಶುರಾಮ. ಅಷ್ಟು ಹೇಳುವಷ್ಟರಲ್ಲಿ ಚಿತ್ರ ನಿಂತಿತು, ದನಿಯೂ ಹೋಯಿತು.

ಈಗ ಮೂವರೇ ಉಳಿದರು. ಅಂದಾನೆಪ್ಪ ಹಾರೆಯ ಮೇಲೆ ಮೈಭಾರ ಬಿಟ್ಟ. ಕಪಾಟು ನರಳಿತು. ಒಳಗೆ ಯಾವುದೋ ಪಾತ್ರೆ ಉರುಳಿತು. ನಿರ್ಮಲಾ ಒಂದು ತುಣುಕು ತೂರಿಸಿದಳು, ಅದರ ಮೇಲೆ ಇನ್ನೊಂದು. "ಇನ್ನೂ ಸ್ವಲ್ಪ ಎತ್ರಿ." ಮೂರನೆಯ ತುಣುಕು ಅರ್ಧ ಹೋಯಿತು. ಅಷ್ಟರಲ್ಲಿ ಮುಂದಿನಿಂದ 'ಕಟ್' ಎಂಬ ಸಣ್ಣ ಸದ್ದು, ಅದರ ಹಿಂದೆಯೇ ಮುದಕವ್ವನ ಕೂಗು.

"ತಿರುಗಿತ! ಕೀಲಿ ತಿರುಗಿತ!"

ನಿರ್ಮಲಾ ಮೈಗೆ ಹತ್ತಿದ ಮಣ್ಣು ಕೊಡವದೆ ಮುಂದೆ ಓಡಿದಳು. ಬಾಗಿಲು ಏನೂ ಆಗಿಲ್ಲವೆಂಬಂತೆ ತೆರೆದುಕೊಂಡಿತ್ತು. ಕೆಳಗಿನ ಖಾನೆಯ ಸೀರೆಗಳನ್ನು ಹೊರಗೆಳೆದಳು. ಮೊದಲಿನ ಎರಡು ಚೆನ್ನಾಗಿದ್ದವು. ಮೂರನೆಯದು ಮಡಿಕೆಯುದ್ದಕ್ಕೂ ಜಾಲರಿಯಾಗಿತ್ತು. ಅದರ ಹಿಂದೆ ಒಂದು ಗುಪ್ಪೆ ಮಣ್ಣು. ಮಣ್ಣಿನೊಳಗೆ ಪ್ಲಾಸ್ಟಿಕ್ ಚೀಲಗಳು. ಒಂದನ್ನು ಎತ್ತಿದಳು. ಕಾಗದ ಕೈಯಲ್ಲೇ ಪುಡಿಯಾಯಿತು. ಹೊಲಿಗೆ ತರಬೇತಿಯದು. ಎರಡನೆಯದು ಹಳೆಯ ಕರೆಂಟಿನ ರಸೀದಿಗಳು. ಮೂರನೆಯದು ಬ್ಯಾಂಕಿನದು, ಹೊದಿಕೆ ಮಾತ್ರ ಉಳಿದಿತ್ತು. ನಾಲ್ಕನೆಯದು ಇರಲಿಲ್ಲ.

ಕೆಳಗಿರಲಿಲ್ಲ ಎಂದರೆ ಮೇಲಿರಬೇಕು. ಆ ಲೆಕ್ಕ ತಲೆಗೆ ಹತ್ತುವ ಮೊದಲೇ ಮುದಕವ್ವ ಮೇಲಿನ ಖಾನೆಗೆ ಕೈ ಚಾಚಿ, ತನ್ನ ಮದುವೆಯ ಇಳಕಲ್ ಸೀರೆಯ ಮಡಿಕೆಯೊಳಗಿಂದ ಒಂದು ಚೀಲ ಎಳೆದು ಸೊಸೆಯ ಕೈಗಿಟ್ಟಳು.

ಅಂಕಪಟ್ಟಿ ಇತ್ತು. ಮೂಲೆ ಕೂಡ ಮಡಚಿರಲಿಲ್ಲ. ಎಸ್ಸೆಸ್ಸೆಲ್ಸಿಯದೂ ಇತ್ತು, ಜಾತಿ ಪ್ರಮಾಣಪತ್ರವೂ ಇತ್ತು. ಎಲ್ಲದರ ಮೇಲೆ ಪರೀಕ್ಷೆಯ ಹಾಲ್ ಟಿಕೆಟ್ಟು, ಅದರಲ್ಲಿ ಅವಳ ಫೋಟೊ.

ನಿರ್ಮಲಾ ಕಾಗದಗಳನ್ನು ಎದೆಗೊತ್ತಿಕೊಂಡು ಗೋಡೆಗೆ ಒರಗಿದಳು. ಆಮೇಲೆ ಕೇಳಿದಳು, "ಮೂರರಾಗ ನನ್ನ ಫೋಟೊ ಇದ್ದೂವಲ್ರಿ ಅತ್ತಿ. ಇದನ್ನ ಹೆಂಗ ಆರಿಸಿದ್ರಿ?"

"ಅದರಾಗ ನನ್ನ ಬೆಂಡವಾಲಿ ಹಾಕ್ಕೊಂಡೀಯಲ್ಲ" ಎಂದಳು ಮುದಕವ್ವ.

ನಿರ್ಮಲಾ ಫೋಟೊ ನೋಡಿದಳು. ಹೌದು. ಪರೀಕ್ಷೆಗೆ ಅರ್ಜಿ ತುಂಬುವ ದಿನ, ಅತ್ತೆ ಹೊಲಕ್ಕೆ ಹೋದ ಹೊತ್ತಿನಲ್ಲಿ, ಅವಳ ಓಲೆಗಳನ್ನು ಕೇಳದೆ ಹಾಕಿಕೊಂಡು ಹೋಗಿ ಫೋಟೊ ತೆಗೆಸಿಕೊಂಡು ಬಂದು, ಮತ್ತೆ ಅವುಗಳ ಡಬ್ಬಿಯಲ್ಲೇ ಇಟ್ಟಿದ್ದಳು. ಐದು ವರ್ಷ ಅತ್ತೆಗೆ ಗೊತ್ತಿಲ್ಲ ಎಂದೇ ತಿಳಿದಿದ್ದಳು. ನಾಚಿಕೆಯಿಂದ ಅವಳ ಮುಖ ಬಿಸಿಯಾಯಿತು.

"ಕೇಳಿದ್ರ ನಾ ಇಲ್ಲಂತಿದ್ನೇನು?" ಎಂದಳು ಮುದಕವ್ವ. ಮತ್ತೆ ತಾನೇ, "ಅಂತಿದ್ನಿ" ಎಂದು ಸೇರಿಸಿದಳು. ಅಂದಾನೆಪ್ಪ ಹಾರೆ ಹಿಡಿದುಕೊಂಡೇ ನಗಲು ಶುರುಮಾಡಿದ. ನಿರ್ಮಲಾಳಿಗೂ ನಗು ತಡೆಯಲಾಗಲಿಲ್ಲ. ನಗುತ್ತಲೇ ಮತ್ತೆ ಅಳು ಬಂತು. ಈ ಸಲ ಯಾಕೆ ಎಂದು ಯಾರೂ ಕೇಳಲಿಲ್ಲ.

ಕಾಗದ ಸಿಕ್ಕಿತು, ಕಪಾಟಿನ ಗತಿ ಏನು? ಮೂರು ಮರದ ತುಣುಕುಗಳ ಮೇಲೆ ನಿಂತ ಕಪಾಟನ್ನು ಪಂಚಮಿಯ ತನಕ ಹಾಗೇ ಬಿಟ್ಟರೆ ಗೆದ್ದಲು ಉಳಿದದ್ದನ್ನೂ ಮುಗಿಸುತ್ತದೆ ಎಂದು ಪರಶುರಾಮ ಸಂಜೆ ಮತ್ತೆ ಫೋನು ಮಾಡಿ ಹೇಳಿದ. "ನೀವ ಮಾಡ್ರಿ, ನಾ ಹೇಳತೇನಿ. ನಮ್ಮ ಮನಿಗೆ ಹೋಗ್ರಿ, ಗೋದುಬಾಯಿ ಕಡೆ ಗರಗಸ, ಉಳಿ ಇಸಗೊಂಡ ಬರ್ರಿ." ಬಡಗಿ ತನ್ನ ಉಳಿಯನ್ನು ಇನ್ನೊಬ್ಬರ ಕೈಗೆ ಕೊಡುವುದು ಸಣ್ಣ ಮಾತಲ್ಲ. ಹಿಂದಿನ ಓಣಿಯಲ್ಲಿದ್ದ ಅವನ ಹೆಂಡತಿ ಗೋದುಬಾಯಿ ಅದನ್ನು ಎಣ್ಣೆಬಟ್ಟೆಯಲ್ಲಿ ಸುತ್ತಿ ಕೊಡುವಾಗ, "ಅಕ್ಕಾರ, ಮೊಳಿ ಮ್ಯಾಲ ಬಡದಗಿಡದೀರಿ ಮತ್ತ" ಎಂದು ಎರಡು ಸಲ ಹೇಳಿದಳು.

ಶನಿವಾರ ಅರ್ಧ ದಿನ ಕಪಾಟು ಖಾಲಿ ಮಾಡುವುದರಲ್ಲೇ ಹೋಯಿತು. ಅದನ್ನು ಪಡಸಾಲೆಗೆ ತಂದು, ಹಳೆಯ ಗೋಣಿಚೀಲ ಹಾಸಿ ಮಗ್ಗುಲಾಗಿ ಮಲಗಿಸಿದರು. ನಿರ್ಮಲಾ ಬಾಯಿಗೆ ಸೆರಗು ಕಟ್ಟಿಕೊಂಡು ಮಣ್ಣನ್ನೆಲ್ಲ ಕೆರೆದು ತೆಗೆದಳು. ಬೆಳೆ ಔಷಧದ ಅಂಗಡಿಯಿಂದ ತಂದ ಗೆದ್ದಲಿನ ಮದ್ದನ್ನು ಕುಂಚದಿಂದ ತೂತುಗಳಿಗೆ ಕುಡಿಸಿದಳು, ಗೋಡೆಯ ಬುಡಕ್ಕೂ ಸುರಿದಳು. ಆಮೇಲೆ ಉಳಿಯ ತುದಿಯಿಂದ ಎಡಗಾಲನ್ನು ಚುಚ್ಚುತ್ತ ಮೇಲೆ ಬಂದಳು. ಮೆತ್ತಗೆ, ಮೆತ್ತಗೆ, ಮೆತ್ತಗೆ. ಒಂದು ಗೇಣು ಮೇಲೆ ಬಂದಾಗ ಉಳಿ 'ಟಣ್' ಎಂದು ನಿಂತಿತು. ಗಟ್ಟಿ ಮರ. ಅಲ್ಲಿ ಸೀಸದ ಕಡ್ಡಿಯಿಂದ ಗೆರೆ ಎಳೆದು, ಅದರ ಕೆಳಗಿನ ಟೊಳ್ಳನ್ನು ಕೊಯ್ದು ತೆಗೆದಳು.

ಕಾಲಿಗೆ ಜೋಡಿಸಲು ಮರ ಬೇಕಿತ್ತು. ಅಂದಾನೆಪ್ಪ ದನದ ಕೊಟ್ಟಿಗೆಯ ಅಟ್ಟದಿಂದ ಒಂದು ನೊಗ ಇಳಿಸಿದ. ಅವನ ಅಪ್ಪನ ಕಾಲದ್ದು, ಮತ್ತಿ ಮರದ್ದು. ಬಾಡಿಗೆ ಟ್ರ್ಯಾಕ್ಟರ್ ಬಂದ ಮೇಲೆ ಅದು ಅಟ್ಟದಿಂದ ಇಳಿದಿರಲಿಲ್ಲ. ಗರಗಸ ಇಟ್ಟವನು ಕೈ ಎತ್ತಿದ. ಮತ್ತೆ ಇಟ್ಟ. ಅಪ್ಪನ ಹೆಗಲು ಮುಟ್ಟಿದ ಮರ ಕೊಯ್ಯಲು ಅವನಿಗೆ ಮನಸ್ಸಾಗುತ್ತಿರಲಿಲ್ಲ. ಅವನು ತಾಯಿಯ ಮುಖ ನೋಡಿದ.

"ಎತ್ತ ಇಲ್ಲದ ನೊಗಾ ಯಾರ ಹೆಗಲಿಗೆ?" ಎಂದಳು ಮುದಕವ್ವ. "ಕೊಯ್ಯಿ."

ಅವನು ಕೊಯ್ದ. ಮತ್ತಿ ಮರ ಕಬ್ಬಿಣದಂತಿತ್ತು, ಅರ್ಧ ತಾಸು ಹಿಡಿಯಿತು. ಪರಶುರಾಮ ಫೋನಿನಲ್ಲಿ ತೋರಿಸಿದಂತೆ ನಿರ್ಮಲಾ ಹಳೆಯ ಕಾಲಿನ ತುದಿಯಲ್ಲಿ ಅರ್ಧ ದಪ್ಪ ಕೆತ್ತಿ ತೆಗೆದಳು; ಹೊಸ ತುಂಡಿನಲ್ಲೂ ಅಷ್ಟೇ ತೆಗೆದಳು; ಎರಡೂ ಒಂದರ ಮೇಲೊಂದು ಕೂರಬೇಕು. ಮೊದಲ ಸಲ ಕೂರಲಿಲ್ಲ. ಎರಡನೆಯ ಸಲ ಜಾಸ್ತಿ ಕೆತ್ತಿ ನಡುವೆ ಸಂದು ಬಿತ್ತು. ಬೆಂಕಿಕಡ್ಡಿಯಷ್ಟು ತೆಳ್ಳನೆಯ ಚಕ್ಕೆ ಸೇರಿಸಿದರೆ ಸಾಕು ಎಂದ ಪರಶುರಾಮ. "ನನಗೂ ಹಂಗ ಆಗತೈತ್ರಿ ಅಕ್ಕಾರ, ಯಾರ ಮುಂದನೂ ಹೇಳೂದಿಲ್ಲಷ್ಟ." ಅಂಟು ಸವರಿ, ಎರಡು ತಿರುಪುಮೊಳೆ ಹಾಕಿ, ಹಗ್ಗ ಸುತ್ತಿ, ಹಗ್ಗದೊಳಗೆ ಕೋಲು ತೂರಿಸಿ ತಿರುಚಿ ಬಿಗಿದರು. ಕಿತ್ತಿದ್ದ ಹಿಡಿಕೆಯನ್ನು ಮತ್ತೆ ಕೂರಿಸಿ, ಹಿಂಬದಿಯ ತೂತಿಗೆ ಒಂದು ಪ್ಲೈವುಡ್ ತುಂಡು ಬಡಿದರು. ನೋಡಲು ಅಂಗಿಗೆ ಹಾಕಿದ ತೇಪೆಯಂತಿತ್ತು.

ಭಾನುವಾರ ಸಂಜೆ ಹಗ್ಗ ಬಿಚ್ಚಿ, ಕಾಲುಗಳ ತಳಕ್ಕೆ ಡಾಂಬರು ಬಳಿದು, ನಾಲ್ಕು ಚಪ್ಪಟೆ ಕಲ್ಲುಗಳ ಮೇಲೆ, ಗೋಡೆಯಿಂದ ಗೇಣು ದೂರದಲ್ಲಿ ಕಪಾಟನ್ನು ಎತ್ತಿ ನಿಲ್ಲಿಸಿದರು. ಮುದಕವ್ವ ಒಂದು ಬೆರಳಿನಿಂದ ಬಾಗಿಲು ದೂಡಿದಳು. ಮುಚ್ಚಿಕೊಂಡಿತು. ಎಳೆದಳು. ತೆರೆದುಕೊಂಡಿತು. ಐದಾರು ಸಲ ಹಾಗೆ ಮಾಡಿ, ಕಪ್ಪನೆಯ ಹೊಸ ಕಾಲನ್ನು ನೋಡಿ, "ಚಂದ ಆಗಿಲ್ಲ. ಗಟ್ಟಿ ಆಗೇತಿ" ಎಂದಳು.

ಸೋಮವಾರ ಮುಂಡಗೋಡದ ಕಚೇರಿಯಲ್ಲಿ ಹನ್ನೊಂದು ಹೆಂಗಸರು ಬೆಂಚಿನ ಮೇಲೆ ಕುಳಿತಿದ್ದರು. ನಿರ್ಮಲಾಳ ಸರದಿ ಬಂದಾಗ ಮೇಜಿನ ಆಚೆಗಿದ್ದ ಮೇಡಮ್ಮು ಅಂಕಪಟ್ಟಿ ತಿರುವಿ ನೋಡಿ, ಕಂಪ್ಯೂಟರಿನಲ್ಲಿ ನೋಡಿ, ಮತ್ತೆ ಅವಳ ಮುಖ ನೋಡಿ, ಉಗುರಿನ ಸಂದಿನಲ್ಲಿ ಉಳಿದ ಡಾಂಬರನ್ನೂ ನೋಡಿದರು. "ಎಲ್ಲಾ ಸರಿ ಅದಾವ್ರಿ. ಆದೇಶ ಹದಿನೈದ ದಿನದಾಗ ಬರ್ತೈತಿ. ನಿಮ್ಮೂರ ಅಂಗನವಾಡಿನ ನಿಮಗ" ಎಂದರು. ನಿರ್ಮಲಾ ಥ್ಯಾಂಕ್ಸ್ ಹೇಳಲೂ ಮರೆತು ಹೊರಗೆ ಬಂದಳು. ಅಂದಾನೆಪ್ಪನಿಗೆ ಫೋನು ಹಚ್ಚಿ "ಆತು" ಎಂದಷ್ಟೇ ಹೇಳಿದಳು.

ಬಸ್ಸಿನಲ್ಲಿ ಕಿಟಕಿಯ ಸೀಟು ಸಿಕ್ಕಿತು. ಮೂರು ದಿನದಿಂದ ಸರಿಯಾಗಿ ನಿದ್ದೆ ಮಾಡಿರದ ಅವಳಿಗೆ ಕುಳಿತದ್ದೊಂದೇ ಗೊತ್ತು. ಎಚ್ಚರವಾದದ್ದು ಕಂಡಕ್ಟರ್ ಭುಜದ ಹತ್ತಿರ ಬಗ್ಗಿ, "ಅಕ್ಕಾರ, ಪಾಳಾ ಹಿಂದ ಹೋತ್ರಿ" ಎಂದಾಗ. ಗಡಬಡಿಸಿ ಇಳಿದಳು. ಎರಡು ಕಿಲೋಮೀಟರು ಹಿಂದಕ್ಕೆ ನಡೆಯಬೇಕು. ತುಂತುರು ಮಳೆ, ಎರಡೂ ಬದಿ ಗದ್ದೆಯಲ್ಲಿ ಮೊಣಕಾಲೆತ್ತರದ ಭತ್ತ. ಯಾವ ಅವಸರವೂ ಇರಲಿಲ್ಲ. ಕಾಗದದ ಚೀಲವನ್ನು ಸೆರಗಿನೊಳಗೆ ಹಾಕಿಕೊಂಡು ಅವಳು ತನ್ನಷ್ಟಕ್ಕೆ ನಗುತ್ತ ನಡೆದಳು. ಸೈಕಲ್ಲಿನಲ್ಲಿ ಹೋಗುತ್ತಿದ್ದವನೊಬ್ಬ ತಿರುಗಿ ನೋಡಿದ.

ಊರ ನಿಲ್ದಾಣದಲ್ಲಿ ಮುದಕವ್ವ ಕೊಡೆ ಹಿಡಿದು ನಿಂತಿದ್ದಳು.

"ಬಸ್ಸಿನಾಗ ಬಾಯಿ ತಗದ ಮಲಗಿದ್ದಿ" ಎಂದಳು. "ಕೂಗಿದೆ. ಕೇಳಲಿಲ್ಲ. ಎಲ್ಲಿ ಹೋಗ್ತಾಳ, ತಿರುಗಿ ಬರ್ತಾಳ ಬಿಡು ಅಂತ ಇಲ್ಲೇ ನಿಂತೆ."

"ಆತ್ರಿ ಅತ್ತಿ. ನನಗ ಕೊಟ್ರು."

"ಅಂದಾನಿ ಹೇಳಿದ." ಮುದಕವ್ವ ಕೊಡೆಯನ್ನು ಸೊಸೆಯ ಕಡೆಗೆ ವಾಲಿಸಿದಳು. "ಇನ್ನ ಮ್ಯಾಲ ಮಕ್ಕಳಿಗೆ ಕಲಸೂ ಬಾಯೋರು ನೀನ ಹಂಗಾದ್ರ. ನಡಿ, ಮನಿಗೆ ಹೋಗೂಣು. ಚಾಕ್ಕ ಹಾಲ ಇಡಾಕ ಹೇಳಿ ಬಂದೇನಿ, ಅಂದಾನಿ ಉಕ್ಕಿಸಿಬಿಡತಾನ."

ಇಬ್ಬರೂ ಒಂದೇ ಕೊಡೆಯಡಿ, ರಾಡಿ ತಪ್ಪಿಸುತ್ತ, ಓಣಿಯ ಕಡೆಗೆ ಹೊರಟರು.